ಎರಡು ಹಾರನ್ನಿನ ಸಂಸಾರ ಲಂಕೆಗೆ ಹೋದದ್ದು

ಹಳ್ಳಿಮೈಸೂರು, ಹೊರಡುವ ಮುಂಚೆ

ಶ್ರೀಲಂಕಾಕ್ಕೆ ಹೋಗಿ ಬಂದೆ ಅಂದರೆ ಪೇಟೆಯ ಜನ ಸಮುದ್ರ ಹೇಗಿತ್ತು ಅಂತ ಕೇಳುತ್ತಾರೆ. ನಮ್ಮೂರಿನವರು ಕೇಳಿದ್ದು, "ಅಲ್ಲಿನ್ ಹಸ ಎಷ್ಟು ಕರೀತವೆ?" ಅಂತ. ಅವರದೇನೂ ತಪ್ಪಿಲ್ಲ. ಹಳ್ಳಿಮೈಸೂರಿನ ಪಕ್ಕದ ನಮ್ಮೂರಲ್ಲಿ ನಾನು ಮಹಿಳಾ ಡೈರಿಯ ಕಾರ್ಯದರ್ಶಿ. ನನ್ನನ್ನು ಕಂಡರೆ ಜನಕ್ಕೆ ಹಾಲು ಬಿಟ್ಟು ಬೇರೆ ಮಾತು ಬಾಯಿಗೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಬರುತ್ತಿರಲಿಲ್ಲ.

ಡೈರಿ ಕೆಲಸಕ್ಕೆ ರಜ ಎಂಬುದಿಲ್ಲ. ಗೌರಿ ಹಬ್ಬ ಬಂತೆಂದು ಯಾವ ಹಸುವೂ ಹಾಲು ಬಿಗಿಹಿಡಿದು ಮಲಗುವುದಿಲ್ಲ. ನಸುಕಿನಲ್ಲೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ ಊರಿನ ಹೆಂಗಸರೆಲ್ಲ ಕ್ಯಾನು, ಪಾತ್ರೆ ಹಿಡಿದು ಸಾಲಾಗಿ ಬಂದು ನಿಲ್ಲುತ್ತಾರೆ. ಹಾಲು ಅಳೆದು, ಡಿಗ್ರಿ ನೋಡಿ, "ಇದೇನವ್ವ, ಇವತ್ತು ನಿನ್ ಹಸ ಕೆರೆಗೆ ಬಿದ್ದಿತ್ತಾ?" ಅಂತ ಒಬ್ಬರನ್ನು ರೇಗಿಸಿ, ಇನ್ನೊಬ್ಬರ ಕೈಲಿ ಬೈಸಿಕೊಂಡು ಮನೆಗೆ ಬರುವಷ್ಟರಲ್ಲಿ ನನ್ನ ದಿನ ಮುಗಿದಿರುತ್ತದೆ. ಮಗಳು ಚೈತ್ರ ಎತ್ತಿಕೊಳ್ಳುವ ಕೂಸಾಗಿದ್ದಾಗ ಹಿಡಿದ ಕೆಲಸ ಇದು. ಅವಳು ಓದಿ, ಹಾಸನದ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಮದುವೆಯೂ ಆದಳು. ನಾನು ಮಾತ್ರ ಆ ಹಾಲಿನ ಮುಂದಿನಿಂದ ಎದ್ದಿರಲಿಲ್ಲ.

ನಮ್ಮ ಯಜಮಾನರು ರಂಗಸ್ವಾಮಿ ಸರ್ಕಾರಿ ಬಸ್ಸಿನ ಡ್ರೈವರ್. ಹೊಳೆನರಸೀಪುರದಿಂದ ಹೊರಟು, ನಮ್ಮೂರ ಮೇಲೆ ಹಾದು, ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡಿ, ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸು. ಹೋಗುವಾಗಲೂ ಬರುವಾಗಲೂ ಬಸ್ಸು ಡೈರಿಯ ಮುಂದೆ ಹಾದುಹೋಗುವುದು ಸರಿಯಾಗಿ ಹಾಲು ಹಾಕುವ ಹೊತ್ತಿಗೆ. ಆಗ ಅವರು ಎರಡು ಸಲ ಹಾರನ್ ಹೊಡೆಯುತ್ತಾರೆ. ನಾನು ತಲೆಯೆತ್ತದೆ ಎಡಗೈ ಮೇಲೆತ್ತುತ್ತೇನೆ. ಚೆನ್ನಾಗಿದೀಯಾ ಅಂತ ಅವರು ಕೇಳಿದ ಹಾಗೆ, ಇದೀನಿ ಹೋಗ್ಬನ್ನಿ ಅಂತ ನಾನು ಹೇಳಿದ ಹಾಗೆ. ಸಾಲಿನಲ್ಲಿ ನಿಂತ ಹೆಂಗಸರು, "ರತ್ನಕ್ಕ, ನಿಮ್ಮೆಜಮಾನ್ರು ಸಂಸಾರ ಮಾಡ್ಕಂಡು ಹೋದ್ರು ನೋಡಿ!" ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಡ್ಯೂಟಿ ಇಳಿದು ಅವರು ಮನೆಗೆ ಬಂದರೆ ನಾನು ಡೈರಿಯಲ್ಲಿ. ನಾನು ಡೈರಿ ಮುಗಿಸಿ ಬಂದರೆ ಅವರು ಉಂಡು ಮಲಗಿರುತ್ತಾರೆ, ಇಲ್ಲವೇ ಅರಕಲಗೂಡಿನ ದಾರಿಯಲ್ಲಿರುತ್ತಾರೆ.

ಈಗ ಅವರು ರಿಟೈರ್ ಆಗುವ ಕಾಲ ಹತ್ತಿರ ಬಂದಿತ್ತು. ಹಾಸನದ ಟೂರಿಸ್ಟ್ ಬಸ್ಸಿನ ಯಜಮಾನರೊಬ್ಬರು ಮನೆಗೇ ಬಂದು, "ರಂಗಣ್ಣ, ನಿಮ್ಮಂಥ ಡ್ರೈವರ್ರು ಮನೇಲಿ ಕೂತ್ರೆ ತುಕ್ಕು ಹಿಡಿದ್ಬಿಡ್ತೀರ. ನಮ್ ಗಾಡಿಗೆ ಬನ್ನಿ. ತಿರುಪತಿ, ಶಿರಡಿ, ಕಾಶಿ, ಎಲ್ಲಾ ಕಡೆ ಓಡ್ಸೋರಂತೆ," ಅಂದರು. ಕಾಶಿಗೆ ಹೋದ ಬಸ್ಸು ಯಾವಾಗ ವಾಪಸು ಬರುತ್ತದೋ ದೇವರಿಗೇ ಗೊತ್ತು. ಇವರು ಬೇಡ ಅನ್ನಲಿಲ್ಲ. "ಮಗಳು ಎಲ್ಲಿಗೋ ಕಳಿಸ್ತಾವ್ಳೆ, ಓಗ್ಬಂದು ಹೇಳ್ತೀನಿ ಸಾ," ಅಂದರು. ಲೋಟ ತೆಗೆಯಲು ಬಂದ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ರಿಟೈರ್ ಆದರೆ ಆ ಎರಡು ಹಾರನ್ ಹೇಗೂ ಇಲ್ಲ, ಅವರು ಹೂಂ ಅಂದುಬಿಟ್ಟರೆ ಮನೆಯಲ್ಲಿ ಅವರೂ ಇಲ್ಲ. ಬೇಡ ಅನ್ನಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಈ ಮನುಷ್ಯನಿಗೆ ಮನೆಗಿಂತ ಬಸ್ಸೇ ಮೇಲು ಅಂತ ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ. ಅಲ್ಲದೆ, ಬೇಡ ಅಂದು ಮನೆಯಲ್ಲೇ ಕೂತರು ಅಂತಲೇ ಇಟ್ಟುಕೊಳ್ಳಿ, ನಾವಿಬ್ಬರು ಏನು ಮಾತಾಡುವುದು? ಲಂಕೆಗೆ ಹೊರಟಾಗ ಬ್ಯಾಗಿನಲ್ಲಿ ಏನೇನಿತ್ತೋ, ಎದೆಯಲ್ಲಿದ್ದದ್ದು ಮಾತ್ರ ಇದೊಂದೇ: ವಾಪಸು ಬಂದ ಮೇಲೆ ಇವರು ಏನು ಹೇಳುತ್ತಾರೆ?

ಹೊಳೆನರಸೀಪುರದಿಂದ ಅರಕಲಗೂಡಿಗೆ, ಪ್ಯಾಸೆಂಜರ್ ಆಗಿ

ಪಾಸ್‌ಪೋರ್ಟು, ಟಿಕೆಟ್ಟು, ಹೋಟೆಲು ಎಲ್ಲ ಚೈತ್ರಾಳೇ ಮಾಡಿಸಿದಳು. ಆಮೇಲೆ ಒಂದು ಭಾನುವಾರ ಅಳಿಯನ ಜೊತೆ ಬಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. "ನಿಮ್ಮನ್ನ ವಿಮಾನ ಹತ್ತಿಸೋದು ನಂಗೆ ಕಷ್ಟ ಅಲ್ಲ. ನಿಮ್ ತಲೇನ ಹತ್ತಿಸೋದು ಕಷ್ಟ. ಅಪ್ಪನ ತಲೆ ಬಸ್ಸಲ್ಲಿರುತ್ತೆ, ಅಮ್ಮಂದು ಹಾಲಿನ ಕ್ಯಾನಲ್ಲಿರುತ್ತೆ. ಈಗಿಂದ್ಲೇ ಸ್ವಲ್ಪ ಸ್ವಲ್ಪ ಬಿಡೋದು ಅಭ್ಯಾಸ ಮಾಡಿ," ಅಂದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳಿ ಹೇಳಿ ಅವಳಿಗೆ ಗದರಿಸುವುದು ರೂಢಿಯಾಗಿಹೋಗಿದೆ.

ಅವರಪ್ಪನಿಗೆ ಕೊಟ್ಟ ಅಭ್ಯಾಸ ಏನೆಂದರೆ, ರಜದ ದಿನ ಬೇರೆ ಡ್ರೈವರ್ ಓಡಿಸುವ ಬಸ್ಸಿನಲ್ಲಿ ಪ್ಯಾಸೆಂಜರ್ ಆಗಿ ಕೂತು ಹೋಗಿಬರಬೇಕು. ಮಾತಾಡಕೂಡದು. ಇವರು ಹೊಳೆನರಸೀಪುರಕ್ಕೆ ಹೋಗಿ, ಅರಕಲಗೂಡಿನ ಬಸ್ಸು ಹತ್ತಿ, ಅದರಲ್ಲೇ ವಾಪಸು ಬಂದರು. ಮುಖ ಊದಿಕೊಂಡಿತ್ತು.

"ಏನಾಯ್ತ್ರೀ?"

"ಏನಾಯ್ತದೆ? ಏರು ಬಂದ್ರೆ ಗೇರ್ ಇಳಿಸ್ದೆ ಅಂಗೇ ಎಳೀತಾನೆ ಕಣೇ ಆ ಹುಡ್ಗ. ಇಂಜಿನ್ನು ಅಳ್ತಿತ್ತು. ಕೇಳಿ ಕೇಳಿ ನಂಗೇ ಕಣ್ಣಲ್ಲಿ ನೀರು ಬಂತು."

"ಸುಮ್ನೆ ಕೂತಿದ್ರಿ ತಾನೆ?"

"ಕೂತಿದ್ದೆ, ಕೂತಿದ್ದೆ," ಅಂದರು ಆಕಡೆ ನೋಡಿಕೊಂಡು. ಮಾರನೆಯ ದಿನ ಅದೇ ಬಸ್ಸಿನ ಕಂಡಕ್ಟರ್ ಡೈರಿಯ ಮುಂದೆ ಸಿಕ್ಕಿ, ನಮ್ಮವರು ದಾರಿಯುದ್ದಕ್ಕೂ ಡ್ರೈವರ್ ಪಕ್ಕದಲ್ಲಿ ನಿಂತು ಪಾಠ ಹೇಳಿದರೆಂದೂ, ಆ ಹುಡುಗ ವಾಪಸು ಬರುವಾಗ ಸ್ಟೇರಿಂಗನ್ನೇ ಇವರ ಕೈಗೆ ಕೊಡಲು ಹೊರಟಿದ್ದನೆಂದೂ ಹೇಳಿ ನಕ್ಕರು.

ನಾನೇನು ಕಡಿಮೆಯೇ? ಒಂದು ಸಾಯಂಕಾಲ ಡೈರಿಗೆ ಹೋಗದೆ ಮನೆಯ ಜಗಲಿಯಲ್ಲಿ ಕೂತಿರಬೇಕು ಅನ್ನುವುದು ನನಗೆ ಕೊಟ್ಟ ಅಭ್ಯಾಸ. ಕೂತೆ. ಹೂ ಕಟ್ಟಿದೆ. ಅಷ್ಟರಲ್ಲಿ ದೂರದಲ್ಲಿ ಕ್ಯಾನುಗಳ ಸದ್ದು ಶುರುವಾಯಿತು. ಕ್ಯಾನಿನ ಮುಚ್ಚಳ ತೆಗೆಯುವ ಸದ್ದಿನಲ್ಲೇ ಯಾರು ಬಂದರು ಅಂತ ನನಗೆ ಗೊತ್ತಾಗುತ್ತದೆ. ಎದ್ದು ಹಿತ್ತಲ ಕಡೆಯಿಂದ ಹೋಗಿ ಡೈರಿಯ ಹಿಂಗೋಡೆಗೆ ಕಿವಿ ಕೊಟ್ಟು ನಿಂತೆ. ಅದೇ ಹೊತ್ತಿಗೆ ಮಂಡಿ ನೋವಿನ ತಾಯಮ್ಮ ಕೋಲೂರಿಕೊಂಡು ಆ ಸಂದಿಯಲ್ಲೇ ಬರಬೇಕೇ?

"ಯಾಕ್ ರತ್ನವ್ವ, ಕಳ್ಳಿ ನಿಂತಂಗೆ ನಿಂತಿದ್ದೀಯ? ಉಷಾರಿಲ್ವಾ?"

"ಹೂಂ ತಾಯಮ್ಮ, ಯಾಕೋ ಉಷಾರಿಲ್ಲ."

"ಅಂಗಾರೆ ಇಲ್ಯಾಕೆ ನಿಂತಿದ್ದೀಯ? ಒಳಕ್ಕೋಗಿ ಹಾಲಳಿ. ಎಲ್ಲಾ ಸರಿಯೋಯ್ತದೆ."

ನಾನು ಒಳಗೆ ಹೋಗಿ ಹಾಲು ಅಳೆದೆ. ಎಲ್ಲಾ ಸರಿಹೋಯಿತು.

ಕೊನೆಗೆ ಚೈತ್ರ ತನ್ನ ಆಸ್ಪತ್ರೆಯ ಕ್ರಮವನ್ನೇ ಹೇಳಿಕೊಟ್ಟಳು. ಪಾಳಿ ಮುಗಿದಾಗ ನರ್ಸುಗಳು ಸುಮ್ಮನೆ ಎದ್ದು ಬರುವುದಿಲ್ಲವಂತೆ. ಮುಂದಿನ ಪಾಳಿಯವಳನ್ನು ಒಂದೊಂದು ಮಂಚದ ಹತ್ತಿರವೂ ಕರೆದುಕೊಂಡು ಹೋಗಿ, ಇವರಿಗೆ ಹೀಗಿದೆ, ಅವರಿಗೆ ಹಾಗಿದೆ ಅಂತ ಬಾಯಿಬಿಟ್ಟು ಹೇಳಿ ಒಪ್ಪಿಸುತ್ತಾರಂತೆ. "ಬಾಯಲ್ಲಿ ಹೇಳಿ ಒಪ್ಪಿಸಿದ್ರೇನೇ ಅಮ್ಮ ತಲೆಯಿಂದ ಇಳಿಯೋದು," ಅಂದಳು. ಸರಿ, ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಭಾಗ್ಯಳನ್ನು ಕೂರಿಸಿಕೊಂಡೆ. ಅವಳು ನನ್ನ ಓರಗೆಯವಳು, ಮೊದಲಿನಿಂದಲೂ ನನ್ನ ಪಕ್ಕದಲ್ಲೇ ನಿಂತು ಕೆಲಸ ಮಾಡಿದವಳು.

"ಕೆಂಪಮ್ಮನ ಹಸ ತುಂಬು ಗಬ್ಬ, ಹಾಲು ಬತ್ತುತ್ತಾ ಐತೆ. ಕಮ್ಮಿ ತಂದ್ರೆ ಯಾಕೆ ಅನ್ಬೇಡ. ತಾಯಮ್ಮ ಕೊನೇಲಿ ಬತ್ತಾಳೆ, ಅವ್ಳು ಬರೋ ತಂಕ ಬಾಗಿಲು ಹಾಕ್ಬೇಡ. ಸಾವಿತ್ರಿ ಗಂಡನ ಮೇಲಿನ ಸಿಟ್ಟನ್ನ ನಿನ್ ಮೇಲೆ ತೀರಿಸ್ಕೊತಾಳೆ, ಬೈಸ್ಕೊ, ಆಮೇಲೆ ಅವ್ಳೇ ಹೂ ತಂದ್ಕೊಡ್ತಾಳೆ."

ಭಾಗ್ಯ ಎಲ್ಲಾ ಕೇಳಿಸಿಕೊಂಡು, "ಅಕ್ಕ, ಇದೆಲ್ಲ ನಂಗೊತ್ತಿಲ್ವಾ? ನಿನ್ ಪಕ್ಕದಲ್ಲೇ ತಾನೆ ನಿಂತಿವ್ನಿ?" ಅಂದಳು. ಮಾತು ಸರಿಯೇ. ಆದರೂ ನನಗೆ ಸ್ವಲ್ಪ ಬೇಜಾರಾಯಿತು. ನಾನಿಲ್ಲದಿದ್ದರೆ ಡೈರಿ ನಿಂತುಹೋಗುತ್ತದೆ ಅಂತ ಯಾರಾದರೂ ಅಳಬೇಕಿತ್ತು ಅಂತ ಕಾಣುತ್ತದೆ ನನ್ನ ಆಸೆ.

ಚನ್ನರಾಯಪಟ್ಟಣ, ಬಸ್ಸು ಕಾಫಿಗೆ ನಿಂತಾಗ

ಹೊರಟ ದಿನ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು, ಕಂಡಕ್ಟರುಗಳು ಎಲ್ಲ ಬಂದು ನಮ್ಮವರ ಕೈಕುಲುಕಿದರು. ಮದುವೆಯ ದಿನವೂ ಇವರಿಗೆ ಇಷ್ಟು ಜನ ಕೈಕುಲುಕಿರಲಿಲ್ಲ. ಬೆಂಗಳೂರಿನ ಬಸ್ಸು ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಂತಾಗ ನನ್ನ ಫೋನು ಹೊಡೆದುಕೊಂಡಿತು. ಕೆಂಪಮ್ಮ. ಹಸುವಿಗೇನೋ ಆಯಿತು ಅಂದುಕೊಂಡೆ.

"ರತ್ನಕ್ಕ, ಓಗ್ಬುಟ್ರಾ?"

"ಚನ್ನರಾಯಪಟ್ಟಣದಲ್ಲಿದೀವಿ ಕಣವ್ವ. ಏನಾಯ್ತು?"

"ಏನಿಲ್ಲ. ಓದ್ರೋ ಇಲ್ವೋ ಅಂತ ಕೇಳಕ್ಕೆ ಮಾಡ್ದೆ."

ಅವಳು ಇಟ್ಟ ಮೇಲೆ ಸಾವಿತ್ರಿ. ಆಮೇಲೆ ಇನ್ನೊಬ್ಬಳು. ಎಲ್ಲರದೂ ಅದೇ ಪ್ರಶ್ನೆ. ಬಸ್ಸು ಹೊರಟರೂ ಫೋನು ನಿಲ್ಲಲಿಲ್ಲ. ನಮ್ಮವರು ಕಿಟಕಿಯ ಪಕ್ಕ ಕೂತು ಒಂದೂ ಮಾತಾಡದೆ ರಸ್ತೆ ನೋಡುತ್ತಿದ್ದರು. ನಾನು ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಿದ್ದೆ. ಅಷ್ಟು ದೂರ ಅಕ್ಕಪಕ್ಕ ಕೂತು ನಾವಿಬ್ಬರು ಪ್ರಯಾಣ ಮಾಡಿದ್ದು ಅದೇ ಮೊದಲು ಅಂತ ನನಗೆ ಹೊಳೆದದ್ದು ಬೆಂಗಳೂರು ಬಂದ ಮೇಲೆ.

ವಿಮಾನ ನಿಲ್ದಾಣ

ನನ್ನ ಕೈಚೀಲ ಯಂತ್ರದೊಳಗೆ ಹೋಗಿ ಆಚೆ ಬರಲಿಲ್ಲ. ತಪಾಸಣೆಯ ಹುಡುಗಿ ಚೀಲದೊಳಗಿಂದ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಗಾಜಿನ ಕಡ್ಡಿ ಎತ್ತಿ ಹಿಡಿದಳು. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಅಂತ ನೋಡುವ ನನ್ನ ಲ್ಯಾಕ್ಟೋಮೀಟರು! ಮನೆಯಿಂದ ಹೊರಡುವಾಗ ಬೀಗದ ಕೈ ಹಾಕಿಕೊಳ್ಳುವ ಹಾಗೆ ಅದನ್ನೂ ಹಾಕಿಕೊಂಡು ಬಂದುಬಿಟ್ಟಿದ್ದೆ.

"ಏನಮ್ಮ ಇದು?"

"ಹಾಲಿನ ಡಿಗ್ರಿ ನೋಡೋದು ತಾಯಿ."

ಆ ಹುಡುಗಿಯ ಮುಖ ಅರಳಿತು. "ಅಯ್ಯೋ, ನಮ್ಮಮ್ಮನೂ ಡೈರಿಗೆ ಹಾಲು ಹಾಕ್ತಾರೆ. ಡಿಗ್ರಿ ಕಮ್ಮಿ ಅಂತ ದಿನಾ ಜಗಳ ಅವರದು," ಅಂದಳು. ನಗುತ್ತಲೇ ಅದನ್ನು ಪಕ್ಕದ ಡಬ್ಬಿಗೆ ಹಾಕಿದಳು. ಅಮ್ಮನ ಕಡೆಯ ಸೇಡು ತೀರಿಸಿಕೊಂಡಳೋ ಏನೋ. ನನಗೆ ಮೂಗುತಿ ಕಳೆದುಕೊಂಡಷ್ಟು ಸಂಕಟವಾಯಿತು. ನಮ್ಮವರು ಬೆಲ್ಟು ಕಟ್ಟಿಕೊಳ್ಳುತ್ತಾ, "ಒಂದು ಇಳೀತು. ಇನ್ನು ತಲೇಲಿರೋದು ಒಂದಿಳಿದ್ರೆ ಆಯ್ತು," ಅಂದರು. ಆ ದಿನ ಬೆಳಿಗ್ಗೆಯಿಂದ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು.

ಕೊಲಂಬೊ ದಾಟಿ

ಹೊಳೆನರಸೀಪುರದಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಬೇಗ ಬೆಂಗಳೂರಿನಿಂದ ಲಂಕೆ ಬಂದುಬಿಟ್ಟಿತು. ಹನುಮಂತ ಅಷ್ಟು ಮೈ ಬೆಳೆಸಿ ಹಾರಿದ್ದನ್ನು ನೆನೆದು ಪಾಪ ಅನ್ನಿಸಿತು. ಇಳಿದರೆ ನಮ್ಮ ಕಡೆಯದೇ ತೆಂಗು, ನಮ್ಮ ಕಡೆಯದೇ ಬಾಳೆ. ಹೆಂಗಸರು ನನ್ನನ್ನು "ಅಕ್ಕ" ಅಂತಲೇ ಕರೆದರು. ಅವರ ಭಾಷೆಯಲ್ಲೂ ಅಕ್ಕ ಅಂದರೆ ಅಕ್ಕನೇ.

ಮಗಳು ಗೊತ್ತುಮಾಡಿದ್ದ ವ್ಯಾನಿನ ಡ್ರೈವರ್ ಹೆಸರು ನಿಮಲ್. ಮೆತ್ತಗಿನ ಮನುಷ್ಯ, ಯಾವುದಕ್ಕೂ "ಹರಿ ಹರಿ" ಅನ್ನುತ್ತಿದ್ದರು. ಆಯಿತು, ಸರಿ ಅಂತ ಅದರ ಅರ್ಥ. ಮುಂದೆ ಅವರ ಪಕ್ಕದಲ್ಲಿ ನಮ್ಮವರು, ಹಿಂದೆ ನಾನು. ನಮ್ಮವರು ಹಿಂದೆ ಲಾರಿಯಲ್ಲಿ ಸೇಲಂ ಕಡೆ ಓಡಾಡಿ ಕಲಿತ ಅರೆಬರೆ ತಮಿಳು, ನಿಮಲ್ ಅವರದೂ ಅರೆಬರೆ ತಮಿಳು. ಇಬ್ಬರಿಗೂ ಚೆನ್ನಾಗಿ ಹೊಂದಿತು. ತಿರುವು ಬಂದಾಗಲೆಲ್ಲ ನಮ್ಮವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ನಾಲ್ಕೈದು ತಿರುವು ನೋಡಿದ ನಿಮಲ್ ತಮ್ಮ ಕಾಲಿನ ಕಡೆ ಬೆರಳು ತೋರಿಸಿ, "ಅಣ್ಣ, ಬ್ರೇಕು ಇಲ್ಲಿದೆ," ಅಂದರು. ನಮ್ಮವರು ನಾಚಿಕೊಂಡು ಕಾಲು ಮಡಚಿ ಕೂತರು. ಮುಂದಿನ ತಿರುವಿನಲ್ಲಿ ಮತ್ತೆ ಒತ್ತಿದರು.

ಊರು ದಾಟಿದ ಮೇಲೆ ನಿಮಲ್ ರಸ್ತೆ ಬದಿಯ ಒಂದು ಬುದ್ಧನ ಗುಡಿಯ ಮುಂದೆ ವ್ಯಾನು ನಿಲ್ಲಿಸಿ, ಇಳಿದು, ಹುಂಡಿಗೆ ಕಾಸು ಹಾಕಿ, ಕೈಮುಗಿದು ಬಂದರು. ನಮ್ಮವರೂ ಇಳಿದು ಹೋಗಿ ಅದನ್ನೇ ಮಾಡಿದರು. "ನಾವು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ಕೊಳ್ಳಲ್ವಾ, ಅಂಗೇ," ಅಂತ ನನಗೆ ವಿವರಿಸಿದರು.

ದಾರಿಯಲ್ಲಿ ಟೀ ಅಂಗಡಿ. ಹಾಲು ಹಾಕಿದ ಟೀ ಬೇಕು ಅಂದೆ. ಅಂಗಡಿಯಾಕೆ ಡಬ್ಬಿ ತೆಗೆದು, ಚಮಚದಲ್ಲಿ ಬಿಳಿ ಪುಡಿ ಹಾಕಿ, ಟೀ ಸುರಿದು ಗರಗರ ಕಲಕಿದರು. ಹಾಲಿನ ಪುಡಿ! "ಹಸು ಇಲ್ವಾ ನಿಮ್ಮೂರಲ್ಲಿ?" ಅಂತ ನಮ್ಮವರ, ನಿಮಲ್ ಅವರ ಬಾಯಲ್ಲಿ ಕೇಳಿಸಿದೆ. ಇವೆ, ಆದರೆ ಟೀಗೆ ಪುಡಿಯೇ ರುಚಿ ಅಂದರಂತೆ ಆಕೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಸಂಘ ಮಾಡಿ, ಊರಿಗೆ ಹತ್ತು ಹೆಂಗಸರು ಸೇರಿದರೆ ಸಾಕು ಅಂತ ನಿಮಲ್‌ಗೆ ಕನ್ನಡದಲ್ಲೇ ಹೇಳತೊಡಗಿದೆ. ನಿಮಲ್, "ಹರಿ ಹರಿ," ಅಂದರು. ನಮ್ಮವರು ಹಾಲಿಲ್ಲದ ಟೀ ತರಿಸಿಕೊಂಡಿದ್ದರು. ಅದಕ್ಕೆ ಸಕ್ಕರೆ ಹಾಕುವುದಿಲ್ಲ. ಅಂಗೈಯಲ್ಲಿ ಒಂದು ಚೂರು ಬೆಲ್ಲ ಕೊಡುತ್ತಾರೆ, ಅದನ್ನು ಕಚ್ಚಿಕೊಂಡು ಟೀ ಕುಡಿಯಬೇಕು. ಅವರು ಅರ್ಧ ಬೆಲ್ಲ ಕಚ್ಚಿ, ಉಳಿದರ್ಧ ನನ್ನ ಕೈಗಿಟ್ಟು, "ಡೈರಿ ಆಮೇಲೆ ತೆಗೀವಂತೆ, ಮೊದ್ಲು ಇದನ್ನ ತಿನ್ನು," ಅಂದರು. ತಿಂದೆ. ಚೆನ್ನಾಗಿತ್ತು. ಎಂಜಲು ಬೆಲ್ಲ ಕೊಟ್ಟರಲ್ಲ ಅಂತ ಈ ವಯಸ್ಸಿನಲ್ಲಿ ನನ್ನ ಕೆನ್ನೆ ಬೆಚ್ಚಗಾಯಿತು.

ಕ್ಯಾಂಡಿ

ಕ್ಯಾಂಡಿಯಲ್ಲಿ ನಮ್ಮವರು ಹಟ ಹಿಡಿದು ನಿಮಲ್‌ಗೆ ಅರ್ಧ ದಿನ ಬಿಡುವು ಕೊಟ್ಟರು. ಈ ಊರಿನ ಕೆಂಪು ಬಸ್ಸು ಹತ್ತಲೇಬೇಕಂತೆ. ಹತ್ತಿದವರೇ ಸೀದಾ ಹೋಗಿ ಮುಂದಿನ ಸೀಟಿನಲ್ಲಿ, ಗೇರು ಕಾಣುವ ಹಾಗೆ, ಕೂತುಬಿಟ್ಟರು. ಇಡೀ ಬಸ್ಸು ಇವರನ್ನೇ ನೋಡತೊಡಗಿತು. ಕಂಡಕ್ಟರ್ ಬಂದು, ಬೈಯದೆ, ಇವರ ತೋಳು ಹಿಡಿದು ಎಬ್ಬಿಸಿ ಹಿಂದಕ್ಕೆ ಕರೆತಂದು ನನ್ನ ಪಕ್ಕ ಕೂರಿಸಿದರು. ಆ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು. "ನಮ್ ಬಸ್ಸಲ್ಲಿ ಎಂಗಸರ ಸೀಟಲ್ಲಿ ಕೂತೋರನ್ನ ನಾವು ಎಬ್ಬಿಸ್ದಂಗಾಯ್ತು," ಅಂತ ಇವರು ತಲೆ ತಗ್ಗಿಸಿ ಗೊಣಗಿದರು. ನನಗೆ ನಗು ತಡೆಯಲಾಗಲಿಲ್ಲ.

ಸಾಯಂಕಾಲ ಬುದ್ಧನ ದಂತಮಂದಿರಕ್ಕೆ ಹೊರಟೆವು. ಬಿಳಿ ಬಟ್ಟೆಯುಟ್ಟ ಹೆಂಗಸರು ಹೂವಿನ ತಟ್ಟೆ ಹಿಡಿದು ಸಾಲಾಗಿ ಹೋಗುತ್ತಿದ್ದರು, ಮಾತಿಲ್ಲ, ಗದ್ದಲವಿಲ್ಲ. ನಾವೂ ತಾವರೆ ಮೊಗ್ಗು ಕೊಂಡೆವು. ಅಲ್ಲೊಂದು ಕೆರೆಯಿದೆ, ಕೆರೆಯ ಸುತ್ತ ಗಿಡ್ಡ ಗೋಡೆ, ಗೋಡೆಗೆ ಸೇರಿದಂತೆ ರಸ್ತೆ. ಹೂ ಹಿಡಿದು ನಡೆಯುತ್ತಿದ್ದರೂ ನನ್ನ ಲೆಕ್ಕಾಚಾರವೆಲ್ಲ ನಮ್ಮೂರಿನದು. ಈಗ ಅಲ್ಲಿ ಹಾಲು ಹಾಕುವ ಹೊತ್ತು. ತಾಯಮ್ಮ ಬಂದಳೋ ಇಲ್ಲವೋ. ಅಷ್ಟರಲ್ಲಿ ಹಿಂದಿನಿಂದ ಒಂದು ಬಸ್ಸು ಬಂತು. ಎರಡು ಸಲ ಹಾರನ್ ಹೊಡೆಯಿತು.

ನಾನು ತಲೆಯೆತ್ತದೆ ಎಡಗೈ ಮೇಲೆತ್ತಿದೆ.

ಬಸ್ಸು ಹೋಯಿತು. ಪಕ್ಕದಲ್ಲಿ ನಡೆಯುತ್ತಿದ್ದ ನಮ್ಮವರು ನಿಂತುಬಿಟ್ಟರು.

"ಲೇ ರತ್ನ, ನಾನಿಲ್ಲೇ ಇದೀನಲ್ಲೇ!"

ನಾನು ಹೋ ಅಂತ ನಕ್ಕೆ. ಅವರು ನಗಲಿಲ್ಲ. ಕೈಯಲ್ಲಿ ತಾವರೆ ಮೊಗ್ಗು ಹಿಡಿದುಕೊಂಡು, ಬಸ್ಸು ಹೋದ ದಾರಿ ನೋಡುತ್ತಾ, "ಪಕ್ಕದಲ್ಲಿ ನಿಂತಿದ್ರೆ ನಿಂಗೆ ಗೊತ್ತಾಗಕ್ಕಿಲ್ಲ. ಹಾರನ್ ಹೊಡೆದ್ರೆ ಗೊತ್ತಾಯ್ತದೆ," ಅಂದರು. ಸಿಟ್ಟಿನಿಂದ ಅಂದಿದ್ದರೆ ನಾನೂ ಎರಡು ಮಾತು ತಿರುಗಿ ಅನ್ನುತ್ತಿದ್ದೆ. ಅವರು ಮೆಲ್ಲಗೆ ಅಂದರು. ನನಗೆ ನಗು ನಿಂತುಹೋಯಿತು.

ಕೆರೆಯ ಗೋಡೆಯ ಮೇಲೆ ಕೂತೆವು. ಕೊನೆಗೆ ಊರಿನಿಂದ ಹೊತ್ತು ತಂದ ಮಾತನ್ನು ಹೊರಗೆ ಹಾಕಿದೆ.

"ಆ ಟೂರಿಸ್ಟ್ ಬಸ್ಸಿನೋರಿಗೆ ಏನ್ ಹೇಳ್ತೀರ?"

"ಏನ್ ಹೇಳ್ಬೇಕು?"

"ನಂಗೇನು ಗೊತ್ತು? ಸ್ಟೇರಿಂಗ್ ಇಲ್ದಿದ್ರೆ ನಿಮಗೆ ಇರಕ್ಕಾಗಲ್ಲ. ಮನೆ ಅಂದ್ರೆ ನಿಮಗೆ ಯಾವತ್ತೂ ಅಷ್ಟಕ್ಕಷ್ಟೇ."

ಅವರು ನನ್ನ ಕಡೆ ತಿರುಗಿದರು. "ಯಾರಂದ್ರು ಅಂಗಂತ? ಡ್ಯೂಟಿ ಇಳಿದು ಮನೇಗೆ ಬತ್ತೀನಿ. ಬೀಗ ಹಾಕಿರ್ತದೆ. ಕಿಟಕಿ ಸಂದಿಂದ ಬೀಗದ ಕೈ ತಗೀತೀನಿ. ಒಳಕ್ಕೋಗ್ತೀನಿ. ಯಾರೂ ಇಲ್ಲ. ನಾನೇ ಕಾಫಿ ಕಾಯಿಸ್ಕಂಡು, ನಾನೇ ಕುಡ್ಕಂಡು, ನಾನೇ ಲೋಟ ತೊಳ್ದು ಕವುಚ್ತೀನಿ. ನೀ ಬರೋ ಹೊತ್ಗೆ ಕಣ್ಣು ಎಳೀತಿರ್ತದೆ. ರಿಟೈರ್ ಆದ್ಮೇಲೆ ದಿನಾ ಅಂಗೇ ತಾನೆ? ಬಸ್ಸಲ್ಲಾದ್ರೆ ಹಿಂದ್ಗಡೆ ಜನ ಮಾತಾಡ್ತಿರ್ತಾರೆ. ನನ್ ಜೊತೆ ಅಲ್ಲ, ಆದ್ರೂ ಮಾತು ಕಿವೀಗ್ ಬೀಳ್ತದೆ."

ನನಗೆ ಅಳು ಬಂತು. ಹೊರದೇಶದ ರಸ್ತೆಯಲ್ಲಿ, ಬಿಳಿ ಬಟ್ಟೆಯವರ ಮುಂದೆ, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಬಸ್ಸೇ ಮೇಲು ಅಂದುಕೊಂಡಿದ್ದೆನಲ್ಲ, ಆ ಬಸ್ಸಿನಲ್ಲೂ ಇವರು ಒಬ್ಬರೇ ಇದ್ದರು.

"ಮೊದ್ಲೇ ಹೇಳ್ಬಾರ್ದಿತ್ತಾ?" ಅಂದೆ.

"ಯಾವಾಗ್ ಹೇಳ್ಲಿ? ಹಾರನ್‌ನಾಗೆ ಹೇಳಕ್ಕಾಯ್ತದಾ?"

ಅಳುತ್ತಿದ್ದವಳಿಗೆ ನಗು ಬಂತು. ಅವರಿಗೂ ಬಂತು. ಮೊಗ್ಗು ಬಾಡುವ ಮುಂಚೆ ಎದ್ದು ಗುಡಿಗೆ ಹೋದೆವು. ಬುದ್ಧನ ಮುಂದೆ ಏನು ಕೇಳಿಕೊಂಡೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೂರಿಸ್ಟ್ ಬಸ್ಸಿನವರಿಗೆ ಏನು ಹೇಳುತ್ತೇನೆ ಅನ್ನುವುದನ್ನೂ ಅವರು ಹೇಳಿರಲಿಲ್ಲ. ಮತ್ತೆ ಕೇಳಲು ನನಗೆ ಹಕ್ಕಿಲ್ಲ ಅನ್ನಿಸಿತು. ಈಗ ಚೆಂಡು ನನ್ನ ಅಂಗಳದಲ್ಲಿತ್ತು.

ಮಾರನೆಯ ದಿನ ನಸುಕಿಗೇ ಎಚ್ಚರವಾಯಿತು, ಡೈರಿಯ ಹೊತ್ತು. ನೋಡಿದರೆ ಅವರಿಗೂ ಎಚ್ಚರ. ಬಸ್ಸು ತೊಳೆಯುವ ಹೊತ್ತು. ಎಲ್ಲಿಗೂ ಹೋಗುವ ಹಾಗಿಲ್ಲ. ದೂರದ ಗುಡಿಯಿಂದ ಮಂತ್ರ ಕೇಳಿಬರುತ್ತಿತ್ತು. ಮಲಗಿದ ಹಾಗೇ ಮಾತು ಶುರುವಾಯಿತು. ನೈಟ್ ಹಾಲ್ಟ್ ಹಳ್ಳಿಯಲ್ಲಿ ಇವರಿಗೆ ಅವರೆಕಾಳಿನ ಸಾರು ಕಳಿಸುವ ಅಜ್ಜಿಯೊಬ್ಬರಿದ್ದಾರೆ ಅಂತ ನನಗೆ ಅವತ್ತೇ ಗೊತ್ತಾದದ್ದು. "ನಿನ್ ವಿಷ್ಯ ನಂಗೆ ಎಲ್ಲಾ ಗೊತ್ತು," ಅಂದರು. "ಎಂಗೆ?" "ಬಸ್ಸಲ್ಲಿ ಎಂಗಸ್ರು ನಿನ್ನ ಬೈಕಳದನ್ನ ದಿನಾ ಕೇಳ್ತೀನಲ್ಲ! ಹಾಲಲ್ಲಿ ಫ್ಯಾಟು ಕಮ್ಮಿ ಬಂದ ದಿನ ರತ್ನಿ ಅಂತಾರೆ. ಬಸುರಿ ಎಂಗಸ್ನ ನೀ ಆಸ್ಪತ್ರೆಗೆ ಸೇರಿಸ್ದ ದಿನ ರತ್ನಮ್ಮ ಅಂತಿದ್ರು." ನಾವಿಬ್ಬರು ಏನು ಮಾತಾಡುವುದು ಅಂತ ಹೆದರಿದ್ದವಳು ನಾನು. ಅವತ್ತು ತಿಂಡಿಯ ಹೊತ್ತು ಮೀರಿಹೋಗಿ ನಿಮಲ್ ಬಂದು ಬಾಗಿಲು ತಟ್ಟಬೇಕಾಯಿತು.

ನಿಗೊಂಬೊ

ಕೊನೆಯ ಸಾಯಂಕಾಲ ಸಮುದ್ರದ ದಡದ ಈ ಊರಿನಲ್ಲಿ. ಚಾಪೆ ಹಾಸಿದ ಹಾಗೆ ಉದ್ದಕ್ಕೂ ಮೀನು ಒಣಹಾಕಿದ್ದರು. ಸಮುದ್ರ ಹೇಗಿತ್ತು ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ: ಚೆನ್ನಾಗಿತ್ತು, ದೊಡ್ಡದಾಗಿತ್ತು. ನಾನು ಅದರ ಕಡೆ ಸರಿಯಾಗಿ ನೋಡಲಿಲ್ಲ. ನಮ್ಮವರು ಪ್ಯಾಂಟು ಮಡಚಿಕೊಂಡು ನೀರಿಗಿಳಿದು, ಅಲೆ ಬಂದಾಗಲೆಲ್ಲ ಹಿಂದಕ್ಕೆ ಓಡಿಬರುತ್ತಿದ್ದರು. ಅವರನ್ನು ನೋಡುತ್ತಾ ಮರಳಿನ ಮೇಲೆ ಕೂತು ಭಾಗ್ಯಳಿಗೆ ಫೋನು ಮಾಡಿದೆ.

"ಹಾಲು ಎಷ್ಟಾಯ್ತು ಅಂತ ತಾನೆ ಅಕ್ಕ?"

"ಅಲ್ಲ ಕಣೇ. ಬೆಳಿಗ್ಗೆದು ನಾನು ನೋಡ್ಕೊತೀನಿ. ಸಾಯಂಕಾಲದ ಹಾಲು ಇನ್ಮೇಲೆ ನೀನೇ ನೋಡ್ಕೊ. ಕಮಿಟೀಲಿ ನಾನು ಮಾತಾಡ್ತೀನಿ."

"ಅಕ್ಕ, ಅಲ್ಲೇನಾರ ಮೈಗೆ ಉಷಾರಿಲ್ವಾ?" ಅಂತ ಗಾಬರಿಯ ದನಿ ಬಂತು.

"ಉಷಾರಾಗಿದೀನಿ ಕಣೇ. ನಿನಗೆ ಎಲ್ಲಾ ಗೊತ್ತಲ್ಲ. ನೋಡ್ಕೊ."

ಫೋನು ಇಟ್ಟ ಮೇಲೆ ಹಗುರಾಯಿತು ಅಂತ ಬರೆಯಬೇಕು. ಹಗುರಾಗಲಿಲ್ಲ. ಆ ಸಾಲು, ಆ ಬೈಗುಳ, ಕೈಯೆಲ್ಲಾ ಹಾಲಿನ ವಾಸನೆ, ಎಲ್ಲದರ ಅರ್ಧವನ್ನು ನಾನೇ ಕೈಯಾರೆ ಕೊಟ್ಟುಬಿಟ್ಟೆ. ಕೊಟ್ಟದ್ದು ಸರಿ ಅಂತ ಗೊತ್ತಿತ್ತು. ಆದರೂ ಮರಳು ಕೆದಕುತ್ತಾ ಸುಮಾರು ಹೊತ್ತು ಹಾಗೇ ಕೂತಿದ್ದೆ. ನಮ್ಮವರು ಒದ್ದೆ ಕಾಲಿನಲ್ಲಿ ಬಂದು, "ಯಾರಿಗೆ ಫೋನು?" ಅಂದರು. "ಭಾಗ್ಯಂಗೆ," ಅಂದೆ. "ಬಿಡಲ್ಲ ನೀನು," ಅಂತ ನಕ್ಕರು. ನಾನು ಬಾಯಿ ಬಿಡಲಿಲ್ಲ.

ಮತ್ತೆ ಮನೆ

ಊರಿಗೆ ಬಂದ ದಿನ ಬೆಳಿಗ್ಗೆ ಡೈರಿಗೆ ಹೋಗಿ, ಅಲ್ಲಿನ ಹಸು ಎಷ್ಟು ಕರೆಯುತ್ತವೆ, ಪುಡಿಯ ಟೀ ಹೇಗಿರುತ್ತದೆ ಎಲ್ಲ ಹೇಳಿದೆ. ಪುಡಿಯ ಸುದ್ದಿ ಕೇಳಿ ತಾಯಮ್ಮ, "ಅಯ್ಯೋ ಪಾಪ, ಅವ್ರಿಗೆ ಯಾರೂ ದಿಕ್ಕಿಲ್ವಾ?" ಅಂದಳು.

ಸಾಯಂಕಾಲ ಡೈರಿಗೆ ಹೋಗಲಿಲ್ಲ. ಜಗಲಿಯ ಮೇಲೆ ಕೂತೆ. ನಮ್ಮವರಿಗೆ ಇನ್ನೂ ಒಂದು ದಿನ ರಜ ಉಳಿದಿತ್ತು. ಅವರೂ ಬಂದು ಕಂಬಕ್ಕೊರಗಿ ಕೂತರು. ಕ್ಯಾನುಗಳ ಸದ್ದು ಶುರುವಾಯಿತು. ಅವರು ನನ್ನ ಮುಖ ನೋಡಿದರು, ಈಗ ಏಳುತ್ತಾಳೆ, ಈಗ ಏಳುತ್ತಾಳೆ ಅಂತ. ನಾನು ಏಳಲಿಲ್ಲ. ಸದ್ದು ಜೋರಾಯಿತು, ಕಮ್ಮಿಯಾಯಿತು. ಅವರು ಕಾಲು ನೀಡಿಕೊಂಡು ಸರಿಯಾಗಿ ಕೂತರು.

ಆಗ ಅವರ ಫೋನು ಹೊಡೆದುಕೊಂಡಿತು. ಹಾಸನದ ಟೂರಿಸ್ಟ್ ಬಸ್ಸಿನ ಯಜಮಾನರು. ನಮ್ಮವರು ಫೋನನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ಚಾಚಿದರು.

"ನೀನೇ ಹೇಳು."

ಫೋನು ತೆಗೆದುಕೊಂಡು ಕಿವಿಗಿಟ್ಟುಕೊಂಡೆ. "ಸಾ, ನಾನು ಅವರ ಮನೆಯವಳು. ಅವರು ಬರಕ್ಕಾಗಲ್ಲ ಸಾ. ಅವರಿಗೆ ಇಲ್ಲಿ ಕೆಲಸ ಐತೆ."

"ರಿಟೈರ್ ಆಗ್ತಾವ್ರಲ್ಲಮ್ಮ! ಅದೇನಮ್ಮ ಕೆಲಸ?"

"ನನ್ ಜೊತೆ ಕೂತ್ಕಳದು."

ಆಕಡೆಯವರು ಏನಂದರೋ ನನಗೆ ಕೇಳಿಸಲಿಲ್ಲ. ಫೋನು ಕೆಳಗಿಟ್ಟೆ. ನಮ್ಮವರು ಬೀದಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಟವೆಲಿನಿಂದ ಕಣ್ಣು ಒರೆಸಿಕೊಂಡು, ನನ್ನ ಕಡೆ ತಿರುಗದೆಯೇ ಕೇಳಿದರು.

"ಈ ಕೆಲಸಕ್ಕೆ ರಜ ಗಿಜ ಏನಾರ ಐತೇನೇ?"

"ಇಲ್ಲ," ಅಂದೆ.